ವಾಲ್ಯೂಮ್‌ನ ಅಂಕಿ ಏನನ್ನು ಎಣಿಸುತ್ತದೆ? ಕೈಯಾರೆ ಮಾಡಿದ ಧ್ವನಿ ನಿಯಂತ್ರಕದಿಂದ ವಿಭವಾಂತರದ ಪಾಠ

ಪಾಠದ ಆಯ್ಕೆ ಏಕೆ

ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಘಟಕದಲ್ಲಿ ರೋಧಕಗಳ ಸರಣಿ ಮತ್ತು ಸಮಾಂತರ ಜೋಡಣೆಯ ಲೆಕ್ಕಗಳು ಬರುತ್ತವೆ. ಮಕ್ಕಳು ಸೂತ್ರ ಹಚ್ಚಿ ಉತ್ತರ ತೆಗೆಯುತ್ತಾರೆ. ಆದರೆ ಈ ಲೆಕ್ಕ ಯಾವ ವಸ್ತುವಿನೊಳಗೆ ಕೂತಿದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಶಾಲೆಯ ಮೈಕ್ ಸೆಟ್ಟಿನ ಗುಂಡಿಯನ್ನು ಪ್ರಾರ್ಥನೆಯ ಹೊತ್ತಿಗೆ ತಿರುಗಿಸುವವರು ಅದೇ ಮಕ್ಕಳು. ಆ ಗುಂಡಿಯೊಳಗಿರುವುದು ಸರಣಿಯಲ್ಲಿರುವ ಎರಡು ರೋಧಗಳು. ಅದನ್ನು ತೋರಿಸುವುದು ಈ ಪಾಠದ ಮೊದಲ ಕೆಲಸ.

ಎರಡನೆಯ ಕೆಲಸ ಇನ್ನೂ ಮುಖ್ಯವಾದುದು. ಗುಂಡಿಯ ಪಕ್ಕದಲ್ಲಿ ಹೊಳೆಯುವ ಅಂಕಿಯೊಂದನ್ನು ಇಟ್ಟರೆ ಮಕ್ಕಳು ಅದನ್ನೇ ‘ಶಬ್ದದ ಅಳತೆ’ ಎಂದು ನಂಬುತ್ತಾರೆ. ಬ್ಯಾಡಗಿ ತಾಲ್ಲೂಕಿನ ಮಕ್ಕಳಲ್ಲಿ ಅನೇಕರ ಮನೆಯ ಮೆಣಸಿನಕಾಯಿ ಚೀಲ ಮಾರುಕಟ್ಟೆಯಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರದ ಮೇಲೆ ಕೂರುತ್ತದೆ. ಅಲ್ಲಿ ತೋರುವ ಅಂಕಿಯ ಮೇಲೆ ಮನೆಯ ವರ್ಷದ ಲೆಕ್ಕ ನಿಂತಿದೆ. ಅಂಕಿಯನ್ನು ಕಂಡಾಗ ‘ಇದು ಏನನ್ನು ಎಣಿಸುತ್ತಿದೆ, ಎಲ್ಲಿಂದ ತೆಗೆದುಕೊಳ್ಳುತ್ತಿದೆ’ ಎಂದು ಕೇಳುವ ಅಭ್ಯಾಸ ವಿಜ್ಞಾನದ ತರಗತಿಯಲ್ಲಿ ಬೆಳೆಯದಿದ್ದರೆ ಮತ್ತೆಲ್ಲಿ ಬೆಳೆದೀತು?

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿಯ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ತಲಾ 40 ನಿಮಿಷದ ಎರಡು ಅವಧಿಗಳಲ್ಲಿ ಮುಗಿಸಬಹುದಾದಂತೆ ಪಾಠವನ್ನು ಕೆಳಗೆ ವಿವರಿಸಿದೆ.

ಕಲಿಕೆಯ ಉದ್ದೇಶಗಳು

ವಿದ್ಯಾರ್ಥಿಯು,
1. ವಾಲ್ಯೂಮ್ ಪಾಟ್ ವಿಭವಾಂತರವನ್ನು ಹೇಗೆ ಭಾಗಿಸುತ್ತದೆ ಎಂದು ಚಿತ್ರ ಬರೆದು ವಿವರಿಸುವನು/ಳು.
2. ಸರಣಿ ಮತ್ತು ಸಮಾಂತರ ಸೂತ್ರಗಳಿಂದ ನಡುಗಾಲಿನ ವಿಭವಾಂತರವನ್ನು ಲೆಕ್ಕ ಹಾಕಿ, ಮಲ್ಟಿಮೀಟರಿನಿಂದ ಪರಿಶೀಲಿಸುವನು/ಳು.
3. ಡಿಸ್ಪ್ಲೇಯ ಅಂಕಿ, ವಿಭವಾಂತರ ಮತ್ತು ಕಿವಿಗೆ ತೋರುವ ಗಟ್ಟಿತನ – ಈ ಮೂರೂ ಬೇರೆ ಬೇರೆ ಎಂದು ಪ್ರಯೋಗದಿಂದ ಗುರುತಿಸುವನು/ಳು.

ಬೇಕಾದ ಸಾಮಗ್ರಿ

10 ಕಿಲೋ ಓಮ್‌ನ ಜೋಡಿ ಪಾಟ್ ಒಂದು (ಒಂದೇ ಗುಂಡಿಗೆ ಎರಡು ಪಾಟ್, ಒಟ್ಟು ಆರು ಕಾಲು; ಅಂಗಡಿಯಲ್ಲಿ ‘ಸ್ಟೀರಿಯೋ ವಾಲ್ಯೂಮ್’ ಎಂದು ಕೇಳಿ), ಮೂರು ತಂತಿಯ ಪುಟ್ಟ ಡಿಜಿಟಲ್ ವೋಲ್ಟ್‌ಮೀಟರ್, ಎಲ್‌ಎಮ್386 ಐಸಿ, 8 ಓಮ್ ಸ್ಪೀಕರ್, 220 ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಓಮ್, 1 ಕಿಲೋ ಓಮ್ ಮತ್ತು 4.7 ಕಿಲೋ ಓಮ್ ರೋಧಕ, ಬ್ರೆಡ್‌ಬೋರ್ಡ್, ತಂತಿಗಳು, ಮೊಬೈಲಿನ ಆಡಿಯೋ ಕೇಬಲ್, ಪವರ್ ಬ್ಯಾಂಕ್, ಯುಎಸ್‌ಬಿ ತಂತಿ, 1.5 ವೋಲ್ಟ್ ಶೆಲ್, ಮಲ್ಟಿಮೀಟರ್.

ಪಾಟ್ ಕೊಳ್ಳುವಾಗ ಒಂದು ಎಚ್ಚರ. ಅದರ ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಬಿ10ಕೆ’ ಎಂದಿದ್ದರೆ ಸಾಮಾನ್ಯವಾಗಿ ಅದು ಸಮವಾಗಿ ಏರುವ ಪಾಟ್. ‘ಎ10ಕೆ’ ಎಂದಿದ್ದರೆ ಧ್ವನಿಗಾಗಿಯೇ ಮಾಡಿದ, ಮೊದಲು ನಿಧಾನ ಏರಿ ಕೊನೆಗೆ ಜೋರಾಗಿ ಏರುವ ಪಾಟ್. ನಮಗೆ ಬೇಕಾದುದು ‘ಬಿ’. ಹಳೆಯ ಟೇಪ್ ರೆಕಾರ್ಡರಿನಿಂದ ಕಳಚಿದ್ದಾದರೆ ಗುಂಡಿಯನ್ನು ನಡುವಿಗೆ ನಿಲ್ಲಿಸಿ, ಒಂದು ತುದಿಗೂ ನಡುಗಾಲಿಗೂ ಮಲ್ಟಿಮೀಟರ್ ಹಿಡಿಯಿರಿ. 5 ಕಿಲೋ ಓಮ್ ಆಸುಪಾಸು ಬಂದರೆ ಬಳಸಬಹುದು.

ಸುರಕ್ಷತೆ

230 ವೋಲ್ಟಿನ ಮನೆಯ ವಿದ್ಯುತ್ತನ್ನು ಈ ಪಾಠದಲ್ಲಿ ಎಲ್ಲಿಯೂ ಮುಟ್ಟುವಂತಿಲ್ಲ; ಪವರ್ ಬ್ಯಾಂಕಿನ 5 ವೋಲ್ಟ್ ಸಾಕು. ಶಾಲೆಯ ಮೈಕ್ ಸೆಟ್ಟನ್ನು ಬಿಚ್ಚಬಾರದು. ಪರೀಕ್ಷಿಸುವಾಗ ಇಯರ್‌ಫೋನ್ ಬಳಸಬಾರದು.

ಜೋಡಣೆ

ಪಾಟಿನ ಮೊದಲ ಮನೆ ಧ್ವನಿಗೆ, ಎರಡನೆಯ ಮನೆ ಅಂಕಿಗೆ.

ಮೊದಲ ಮನೆ: ಮೊಬೈಲ್ ಕೇಬಲಿನ ಎಡ ಚಾನೆಲ್ ತಂತಿಯನ್ನು ಒಂದು ತುದಿಗೆ, ಕೇಬಲಿನ ಗ್ರೌಂಡನ್ನು ಇನ್ನೊಂದು ತುದಿಗೆ ಕೊಡಿ. ನಡುಗಾಲಿನಿಂದ ಐಸಿಯ 3ನೆಯ ಕಾಲಿಗೆ ತಂತಿ ಎಳೆಯಿರಿ. ಐಸಿಯ 2 ಮತ್ತು 4ನೆಯ ಕಾಲು ಗ್ರೌಂಡಿಗೆ, 6ನೆಯ ಕಾಲು 5 ವೋಲ್ಟಿಗೆ. 5ನೆಯ ಕಾಲಿನಿಂದ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಸ್ಪೀಕರಿಗೆ. ಕೆಪಾಸಿಟರಿನ ಧನ ತುದಿ ಐಸಿಯ ಕಡೆಗಿರಲಿ. ಅದೇ 5ನೆಯ ಕಾಲಿನಿಂದ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಒಂದರ ಹಿಂದೊಂದು ಗ್ರೌಂಡಿಗೆ.

ಎರಡನೆಯ ಮನೆ: ಒಂದು ತುದಿ 5 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ. ನಡುಗಾಲಿಗೆ ವೋಲ್ಟ್‌ಮೀಟರಿನ ಅಳೆಯುವ ತಂತಿ (ಹಳದಿ ಅಥವಾ ಬಿಳಿ). ವೋಲ್ಟ್‌ಮೀಟರಿನ ಕೆಂಪು ತಂತಿ 5 ವೋಲ್ಟಿಗೆ, ಕಪ್ಪು ಗ್ರೌಂಡಿಗೆ. ಎರಡೇ ತಂತಿಯ ವೋಲ್ಟ್‌ಮೀಟರ್ ಇಲ್ಲಿ ನಡೆಯದು; ತಾನು ಅಳೆಯುವ ವಿದ್ಯುತ್ತಿನಿಂದಲೇ ಅದು ಉರಿಯಬೇಕಾದ್ದರಿಂದ ಸೊನ್ನೆಯ ಹತ್ತಿರ ಆರಿಹೋಗುತ್ತದೆ.

ಗುಂಡಿ ತಿರುಗಿಸಿದರೆ ಅಂಕಿ 0.00ದಿಂದ ಸುಮಾರು 5.00ರವರೆಗೆ ಏರಬೇಕು. ಅಂಕಿ ಏರುವಾಗ ದನಿ ಇಳಿದರೆ ಒಂದು ಮನೆಯ ಎರಡು ತುದಿಗಳನ್ನು ಅದಲುಬದಲು ಮಾಡಿ. ಡಿಸ್ಪ್ಲೇಯಿಂದ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ, ಐಸಿಯ 6ನೆಯ ಕಾಲಿಗೂ ಗ್ರೌಂಡಿಗೂ ನಡುವೆ 100 ಮೈಕ್ರೋಫ್ಯಾರಡ್ ಹಾಕಿ, ವೋಲ್ಟ್‌ಮೀಟರಿಗೆ ವಿದ್ಯುತ್ ತಂತಿಯನ್ನು ಪವರ್ ಬ್ಯಾಂಕಿನ ಕಡೆಯಿಂದಲೇ ಬೇರೆಯಾಗಿ ತನ್ನಿ.

ಪೂರ್ತಿ ತಿರುಗಿಸಿದಾಗಲೂ ದನಿ ಒಡೆಯದಷ್ಟು ಮೊಬೈಲಿನ ವಾಲ್ಯೂಮನ್ನು ಮೊದಲೇ ಇಳಿಸಿಟ್ಟುಕೊಂಡು, ಆಮೇಲೆ ಅದನ್ನು ಮುಟ್ಟಬಾರದು. ಐಸಿ ದನಿಯನ್ನು 20 ಪಟ್ಟು ಹಿಗ್ಗಿಸುವುದರಿಂದ ಮೊಬೈಲಿನಿಂದ ಬಹಳ ಕಡಿಮೆ ಸಾಕು.

ಮೊದಲ ಅವಧಿ: ಗುಂಡಿಯೊಳಗೆ ಏನಿದೆ

*ಪೀಠಿಕೆ (5 ನಿಮಿಷ).* ಮಕ್ಕಳಲ್ಲೇ ಒಬ್ಬರು ಓದಿದ ಒಂದು ನಿಮಿಷದ ಗದ್ಯವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ನುಡಿಸಿರಿ. ಗುಂಡಿ ಏರಿಸಿ ಇಳಿಸಿರಿ. ಅಂಕಿಯನ್ನು ತೋರಿಸಿ ಕೇಳಿರಿ: “ಈ ಅಂಕಿ ಏನು ಹೇಳ್ತದೆ?” ಬರುವ ಉತ್ತರ ಬಹುಮಟ್ಟಿಗೆ ಒಂದೇ: “ಸೌಂಡ್ ಎಷ್ಟೈತಿ ಅಂತ್ರಿ ಸರ.” ಆ ಉತ್ತರವನ್ನು ತಿದ್ದಬೇಡಿ, ಕಪ್ಪುಹಲಗೆಯ ಮೂಲೆಯಲ್ಲಿ ಹಾಗೆಯೇ ಬರೆದಿಡಿ.

*ಪ್ರದರ್ಶನ (5 ನಿಮಿಷ).* ಅಂಕಿಯನ್ನು 2.50ಕ್ಕೆ ನಿಲ್ಲಿಸಿ. ಮೊಬೈಲಿನ ಕೇಬಲನ್ನು ಕೀಳಿರಿ. ದನಿ ನಿಂತಿತು, ಅಂಕಿ 2.50 ಆಗಿಯೇ ಇದೆ. ಈಗ ಮೌನವಾಗಿದ್ದು ಮಕ್ಕಳು ಮಾತಾಡುವವರೆಗೆ ಕಾಯಿರಿ. “ಸೌಂಡ ಇಲ್ಲ, ಅಂಕಿ ಮಾತ್ರ ಐತ್ರಿ” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಂದಿನ ಪ್ರಶ್ನೆ: “ಹಾಗಾದರೆ ಅಂಕಿ ಎಲ್ಲಿಂದ ಬಂತು?” ಆರು ಕಾಲುಗಳಿಗೆ ಹೋದ ತಂತಿಗಳನ್ನು ಮಕ್ಕಳೇ ಬೆರಳಿಟ್ಟು ಹಿಂಬಾಲಿಸಲಿ. ಅಂಕಿಯ ತಂತಿ ಧ್ವನಿಯ ತಂತಿಯನ್ನು ಮುಟ್ಟುವುದೇ ಇಲ್ಲ. ಎರಡಕ್ಕೂ ಸಾಮಾನ್ಯವಾದದ್ದು ಗುಂಡಿಯ ಕಡ್ಡಿ ಮತ್ತು ಗ್ರೌಂಡ್ ಮಾತ್ರ. ಅಂದರೆ ಅಂಕಿ ಎಣಿಸುವುದು ಗುಂಡಿ ಎಷ್ಟು ತಿರುಗಿದೆ ಎಂಬುದನ್ನು.

*ಅನ್ವೇಷಣೆ (20 ನಿಮಿಷ).* ಮೊಬೈಲನ್ನೂ ಐಸಿಗೆ ಹೋಗುವ ತಂತಿಯನ್ನೂ ಬಿಡಿಸಿ, ಮೊದಲ ಮನೆಯ ಎರಡು ತುದಿಗಳಿಗೆ 1.5 ವೋಲ್ಟಿನ ಶೆಲ್ ಜೋಡಿಸಿ. ನಡುಗಾಲಿಗೂ ಗ್ರೌಂಡಿಗೂ ಮಲ್ಟಿಮೀಟರ್. ಡಿಸ್ಪ್ಲೇ 1.25, 2.50, 3.75 ಮತ್ತು 5.00 ತೋರಿದಾಗ ಗುಂಪಿಗೊಬ್ಬರಂತೆ ಬಂದು ಮಲ್ಟಿಮೀಟರಿನ ಅಳತೆ ಬರೆದುಕೊಳ್ಳಲಿ. ಶೆಲ್ ಸರಿಯಾಗಿ 1.5 ವೋಲ್ಟ್ ಇದ್ದರೆ ಬರಬೇಕಾದ ಅಳತೆಗಳು 0.38, 0.75, 1.13 ಮತ್ತು 1.50. ಜೋಡಿ ಪಾಟಿನ ಎರಡು ಮನೆಗಳು ತದ್ರೂಪ ಇರುವುದಿಲ್ಲವಾದ್ದರಿಂದ ಸ್ವಲ್ಪ ವ್ಯತ್ಯಾಸ ಸಹಜ.

*ವಿವರಣೆ (10 ನಿಮಿಷ).* ನಡುಗಾಲು 10 ಕಿಲೋ ಓಮ್ ಪಟ್ಟಿಯನ್ನು ಮೇಲಿನ ರೋಧ, ಕೆಳಗಿನ ರೋಧ ಎಂದು ಎರಡು ಮಾಡುತ್ತದೆ. ಇವು ಸರಣಿಯಲ್ಲಿರುವುದರಿಂದ ಪ್ರವಾಹ ಒಂದೇ. ಓಮ್‌ನ ನಿಯಮದಂತೆ ವಿಭವಾಂತರ ರೋಧದ ಪಾಲಿನಷ್ಟೇ ಹಂಚಿಕೆಯಾಗುತ್ತದೆ. ನಡುವಿನಲ್ಲಿ 5 ಮತ್ತು 5, ಆದ್ದರಿಂದ ಅರ್ಧ.

ಎರಡನೆಯ ಅವಧಿ: ಅರ್ಧ ಅಂಕಿ, ಅರ್ಧ ದನಿಯೇ?

*ಆಲಿಸುವ ಪ್ರಯೋಗ (12 ನಿಮಿಷ).* ಧ್ವನಿಯನ್ನು ಮತ್ತೆ ಜೋಡಿಸಿ. ಮಕ್ಕಳು ಕಣ್ಣು ಮುಚ್ಚಿ ಕೂರಲಿ. 5.00ರಿಂದ ಆರಂಭಿಸಿ ನಿಧಾನವಾಗಿ ಇಳಿಸುತ್ತ ಹೋಗಿ. ‘ಮೊದಲಿನ ಅರ್ಧದಷ್ಟು ಆಯಿತು’ ಅನಿಸಿದಾಗ ಕೈ ಎತ್ತಬೇಕು. ಕೈ ಎದ್ದಾಗಿನ ಅಂಕಿಗಳನ್ನು ಇಬ್ಬರು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಒಬ್ಬರ ಕಿವಿಯಂತೆ ಇನ್ನೊಬ್ಬರದಿಲ್ಲ. ಹಾಗಾಗಿ ಅಂಕಿಗಳು ಚದುರುತ್ತವೆ. ಏರಿಕೆಯ ಕ್ರಮದಲ್ಲಿ ಬರೆದು ನಡುವಿನ ಅಂಕಿಯನ್ನು ಹಿಡಿಯಿರಿ. ಇದು ಗಣಿತದಲ್ಲಿ ಅವರು ಕಲಿತ ಮಧ್ಯಾಂಕವೇ. ಅದು 2.50ರಲ್ಲಿ ಬರದೆ ಸಾಕಷ್ಟು ಕೆಳಗೆ, 1.5ರಿಂದ 2ರ ಆಸುಪಾಸಿನಲ್ಲಿ ಬರುವ ಸಂಭವವೇ ಹೆಚ್ಚು.

“ಅಂಕಿ ಅರ್ಧಾ ಆದ್ರ ಸೌಂಡೂ ಅರ್ಧಾ ಆಗ್ಬೇಕಿತ್ತಲ್ರಿ?” ಎಂಬ ಪ್ರಶ್ನೆ ಇಲ್ಲಿ ಹುಟ್ಟಬೇಕು. ಹುಟ್ಟದಿದ್ದರೆ ಶಿಕ್ಷಕರೇ ಕೇಳಬೇಕು.

*ವಿವರಣೆ (8 ನಿಮಿಷ).* ಒಂಬತ್ತನೆಯ ತರಗತಿಯ ‘ಶಬ್ದ’ ಘಟಕವನ್ನು ನೆನಪಿಸಿ: ಗಟ್ಟಿತನವೆಂದರೆ ಶಬ್ದಕ್ಕೆ ಕಿವಿ ಕೊಡುವ ಪ್ರತಿಕ್ರಿಯೆ. ಕಿವಿ ಕೂಡಿಸುವ ಲೆಕ್ಕಕ್ಕಿಂತ ಗುಣಿಸುವ ಲೆಕ್ಕಕ್ಕೆ ಹತ್ತಿರ. ಡೆಸಿಬೆಲ್ ಮಾನವೂ ಗುಣಿಸುವ ಲೆಕ್ಕದ್ದೇ. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ಅದರಲ್ಲಿದೆ; ಅವರು ಕಿವುಡ ಮಕ್ಕಳ ಶಿಕ್ಷಕರೂ ಆಗಿದ್ದರೆಂಬುದನ್ನು ಹೇಳಲು ಮರೆಯಬೇಡಿ. ವಿಭವಾಂತರ ಅರ್ಧವಾದರೆ ಇಳಿಕೆ ಸುಮಾರು 6 ಡೆಸಿಬೆಲ್. ಕಿವಿಗೆ ಅರ್ಧ ಅನಿಸಲು ಸ್ಥೂಲವಾಗಿ 10 ಡೆಸಿಬೆಲ್ ಇಳಿಯಬೇಕು. ಅದಕ್ಕೆ ವಿಭವಾಂತರ ಮೂರನೆಯ ಒಂದರಷ್ಟಕ್ಕೆ ಬರಬೇಕು.

*ಸವಾಲು (15 ನಿಮಿಷ).* ಅಂಕಿ 2.50 ಇರುವಾಗಲೇ ದನಿ ಅರ್ಧ ಅನಿಸುವಂತೆ ಒಂದೇ ರೋಧಕ ಸೇರಿಸಿ ಮಾಡಬಹುದೇ? ಮೊದಲ ಮನೆಯ ನಡುಗಾಲಿಗೂ ಗ್ರೌಂಡಿಗೂ ನಡುವೆ 5 ಕಿಲೋ ಓಮ್ ಇದೆಯೆಂದುಕೊಳ್ಳಿ. ಕೆಳಗಿನ 5 ಕಿಲೋ ಓಮ್‌ಗೆ ಅದು ಸಮಾಂತರ. ಆದ್ದರಿಂದ ಕೆಳಗಿನ ರೋಧ 2.5 ಆಗುತ್ತದೆ. ಮೇಲಿನದು 5 ಆಗಿಯೇ ಇದೆ. ಒಟ್ಟು 7.5ರಲ್ಲಿ 2.5 ಅಂದರೆ ಮೂರನೆಯ ಒಂದು. ಬೇಕಾದದ್ದು ಅದೇ! ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 4.7 ಕಿಲೋ ಓಮ್, ಅದನ್ನೇ ಹಾಕಿ. ಶೆಲ್ ಜೋಡಿಸಿ ಹಿಂದಿನಂತೆ ಅಳೆದರೆ ಬರಬೇಕಾದ ಅಳತೆಗಳು ಹೀಗಿವೆ:

ಡಿಸ್ಪ್ಲೇ 1.25 – ಮೊದಲು 0.38, ಈಗ 0.27 ವೋಲ್ಟ್
ಡಿಸ್ಪ್ಲೇ 2.50 – ಮೊದಲು 0.75, ಈಗ 0.49 ವೋಲ್ಟ್
ಡಿಸ್ಪ್ಲೇ 3.75 – ಮೊದಲು 1.13, ಈಗ 0.80 ವೋಲ್ಟ್
ಡಿಸ್ಪ್ಲೇ 5.00 – ಮೊದಲು 1.50, ಈಗಲೂ 1.50 ವೋಲ್ಟ್

ಡಿಸ್ಪ್ಲೇಯ ಸಾಲು ಬದಲಾಗಿಲ್ಲ, ಧ್ವನಿಯ ಸಾಲು ಬದಲಾಗಿದೆ. ಸಮಯವಿದ್ದರೆ ಆಲಿಸುವ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ಮಧ್ಯಾಂಕ 2.50ರ ಹತ್ತಿರ ಸರಿದಿದೆಯೇ ನೋಡಿ.

*ಸಮಾಪ್ತಿ (5 ನಿಮಿಷ).* ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟ ಮೊದಲ ಉತ್ತರಕ್ಕೆ ಮರಳಿ, ಮಕ್ಕಳೇ ಅದನ್ನು ತಿದ್ದಿ ಬರೆಯಲಿ. ಬಳಿಕ ಒಂದು ವಿಸ್ತರಣೆ: 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಈ ಅಂಕಿಯನ್ನು ವಾಲ್ಯೂಮ್ ಗುಂಡಿಯ ಮೇಲೆ ಓದಲು ಬರುತ್ತದೆಯೇ? ಬರುವುದಿಲ್ಲ. ಸ್ಪೀಕರ್ ಯಾವುದು, ಎಷ್ಟು ದೂರದಲ್ಲಿ ನಿಂತಿದ್ದೇವೆ ಎಂಬುದು ಗುಂಡಿಗೆ ಗೊತ್ತಿಲ್ಲ. ಆ ಅಳತೆಗೆ ಕೇಳುವವನ ಜಾಗದಲ್ಲಿ ಶಬ್ದಮಾಪಕ ಇಡಬೇಕು.

ಆರ್ಡುಯಿನೋ ಇರುವ ಶಾಲೆಗೆ

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಲ್ಲಿ ವೋಲ್ಟ್‌ಮೀಟರಿನ ಬದಲು ಆರ್ಡುಯಿನೋ ಊನೋ ಮತ್ತು 16 ಅಕ್ಷರ, 2 ಸಾಲಿನ ಎಲ್‌ಸಿಡಿ ಬಳಸಬಹುದು. ಎರಡನೆಯ ಮನೆಯ ನಡುಗಾಲು ಎ0 ಪಿನ್ನಿಗೆ ಹೋಗಲಿ. ಅಲ್ಲಿ 0ಯಿಂದ 5 ವೋಲ್ಟ್ 0ಯಿಂದ 1023ರ ಎಣಿಕೆಯಾಗುತ್ತದೆ. ಒಂದು ಹೆಜ್ಜೆಗೆ ಸುಮಾರು 5 ಮಿಲಿವೋಲ್ಟ್. ಅದನ್ನು 0–99ಕ್ಕೆ ಇಳಿಸಿ ತೋರಿಸಬಹುದು. ಕೊನೆಯ ಅಂಕಿ ಕುಣಿಯುತ್ತಿದ್ದರೆ 16 ಸಲ ಓದಿ ಸರಾಸರಿ ತೆಗೆಯಿರಿ. ಅಂಕಿ ಅಂದವಾಗುತ್ತದೆ, ಆದರೆ ಅದು ಎಣಿಸುವುದು ಗುಂಡಿಯ ತಿರುವನ್ನೇ. ಕೇಬಲ್ ಕೀಳುವ ಪ್ರದರ್ಶನವನ್ನು ಇಲ್ಲಿಯೂ ಬಿಡಬಾರದು.

ಮೌಲ್ಯಮಾಪನ

1. 10 ಕಿಲೋ ಓಮ್ ಪಾಟಿನ ನಡುಗಾಲು ಕಾಲು ಭಾಗದಲ್ಲಿದೆ. 6 ವೋಲ್ಟ್ ಕೊಟ್ಟರೆ ನಡುಗಾಲಿನಲ್ಲಿ ಎಷ್ಟು? (1.5 ವೋಲ್ಟ್)
2. ನಡುವಿನ ಸ್ಥಾನದಲ್ಲಿ 1 ಕಿಲೋ ಓಮ್ ಸಮಾಂತರವಾಗಿ ಸೇರಿಸಿದರೆ ಪಾಲು ಎಷ್ಟಾಗುತ್ತದೆ? (ಏಳನೆಯ ಒಂದು)
3. ಐಸಿಯನ್ನು ಜೋಡಿಸಿಯೇ ಅಳೆದರೆ ನಡುವಿನ ಅಳತೆ ಅರ್ಧಕ್ಕಿಂತ ತುಸು ಕಡಿಮೆ ಬರುತ್ತದೆ. ಏಕೆ? (ಐಸಿಯ 50 ಕಿಲೋ ಓಮ್ ಒಳರೋಧವೂ ಸಮಾಂತರವಾಗಿ ಸೇರುತ್ತದೆ)

*ಗೃಹಪಾಠ:* ಮನೆ, ಪೇಟೆ ಅಥವಾ ಬಸ್ ನಿಲ್ದಾಣದಲ್ಲಿ ಅಂಕಿ ತೋರಿಸುವ ಒಂದು ಯಂತ್ರ ನೋಡಿ. ಅದು ಏನನ್ನು ಎಣಿಸುತ್ತದೆ, ಎಲ್ಲಿಂದ ತೆಗೆದುಕೊಳ್ಳುತ್ತದೆ, ಏನೂ ಇಡದಾಗ ಸೊನ್ನೆ ತೋರುತ್ತದೆಯೇ – ಮೂರು ಸಾಲು ಬರೆದು ತನ್ನಿ.

ಪಾಠ ವೀಕ್ಷಿಸುವ ಸಹಪಾಠಿಗಳಿಗೆ

ಮಂಡಲ ಕೆಲಸ ಮಾಡಿತೇ ಎಂಬುದಕ್ಕಿಂತ ಮೂರು ಸಂಗತಿಗಳನ್ನು ಗಮನಿಸಿ. ಕೇಬಲ್ ಕಿತ್ತ ಮೇಲೆ ಶಿಕ್ಷಕರು ಎಷ್ಟು ಸೆಕೆಂಡು ಕಾದರು? ಲೆಕ್ಕ ಮಾಡಿದವರು ಮಕ್ಕಳೋ ಶಿಕ್ಷಕರೋ? ಆಲಿಸುವ ಪ್ರಯೋಗದಲ್ಲಿ ಹಿಂದಿನ ಬೆಂಚಿನವರಿಗೂ ದನಿ ತಲುಪಿತೇ? ತರಗತಿಯಲ್ಲಿ ಕಿವಿ ಮಂದವಿರುವ ಮಗು ಇದ್ದರೆ ಅಂಕಿ ಬರೆದುಕೊಳ್ಳುವ ಕೆಲಸವನ್ನು ಆ ಮಗುವಿಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳಬೇಕು. ಕೈ ಎತ್ತಲು ತಡವಾಯಿತೆಂದು ಯಾರನ್ನೂ ತಪ್ಪು ಎನ್ನುವಂತಿಲ್ಲ. ಈ ಪ್ರಯೋಗದಲ್ಲಿ ಪ್ರತಿ ಕಿವಿಯ ಉತ್ತರವೂ ಒಂದು ಅಳತೆಯೇ.