ಉಳಿದ ಹಲ್ಲುಗಳೇ ಆಧಾರ: ತೆಗೆದು ಹಾಕುವ ಹಲ್ಲಿನ ಸೆಟ್ ಬಗ್ಗೆ ತಿಳಿದಿರಬೇಕಾದ ವಿಷಯಗಳು

ವಂಡ್ಸೆ ಕಡೆಯ ಅರವತ್ತೈದು ವರ್ಷದ ಒಬ್ಬ ಅಜ್ಜಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳದವಡೆಯಲ್ಲಿ ಮುಂದಿನ ಆರು ಹಲ್ಲು ಮಾತ್ರ ಉಳಿದಿವೆ. ಮೇಲ್ದವಡೆಯಲ್ಲಿ ಒಂದು ಬದಿಯ ದವಡೆ ಹಲ್ಲುಗಳಿಲ್ಲ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿದ್ದಾರೆ. ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನೂ ತಿನ್ನಲಾಗುತ್ತಿಲ್ಲ. ಅವರು ಹೇಳುವುದು ಒಂದೇ ಮಾತು: "ಇಪ್ಪು ಹಲ್ಲೆಲ್ಲಾ ಕಿತ್ತ್ ಬಿಡಿ ಡಾಕ್ಟ್ರೆ, ಒಂದೇ ಸಲ ಸೆಟ್ ಮಾಡಿ ಕೊಡಿ."

ಇದೇ ಮಾತನ್ನು ನೀವೂ ಹೇಳಿರಬಹುದು. ಹೇಳುವ ಮೊದಲು ಈ ಲೇಖನವನ್ನು ಓದಿ.

ಉಳಿದ ಹಲ್ಲನ್ನು ಏಕೆ ಕೀಳಬಾರದು?

ಹಲ್ಲಿನ ಬೇರು ಇರುವವರೆಗೆ ಅದರ ಸುತ್ತಲಿನ ದವಡೆಯ ಮೂಳೆ ಉಳಿದಿರುತ್ತದೆ. ಹಲ್ಲು ಕಿತ್ತ ಮೇಲೆ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಹೋಗುತ್ತದೆ. ಕೆಳದವಡೆಯಲ್ಲಿ ಈ ಸವೆತ ಹೆಚ್ಚು. ಮೂಳೆ ಸವೆದು ಚಪ್ಪಟೆಯಾದರೆ ಪೂರ್ತಿ ಸೆಟ್‌ಗೆ ಹಿಡಿತ ಸಿಗುವುದಿಲ್ಲ. ಮಾತನಾಡುವಾಗ, ಅಗಿಯುವಾಗ ಅದು ಮೇಲೇಳುತ್ತದೆ. ಎರಡು ಗಟ್ಟಿ ಕೋರೆಹಲ್ಲು ಇದ್ದರೂ ಅದು ದೊಡ್ಡ ಆಸರೆ.

ಹಾಗೆಂದು ಎಲ್ಲ ಹಲ್ಲನ್ನೂ ಉಳಿಸಲಾಗುವುದಿಲ್ಲ. ಮೂಳೆಯ ಹಿಡಿತ ತಪ್ಪಿ ಅಲುಗಾಡುವ, ಕೀವು ತುಂಬಿದ, ರಿಪೇರಿಗೆ ಮೀರಿದ ಹಲ್ಲನ್ನು ತೆಗೆಯಲೇಬೇಕು. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಪರೀಕ್ಷೆ ಮತ್ತು ಎಕ್ಸ್‌ರೇ ನೋಡಿ ದಂತವೈದ್ಯರು ನಿರ್ಧರಿಸುತ್ತಾರೆ.

ಖಾಲಿ ಜಾಗವನ್ನು ಹಾಗೆಯೇ ಬಿಟ್ಟರೂ ತೊಂದರೆ. ಪಕ್ಕದ ಹಲ್ಲು ಆ ಕಡೆಗೆ ವಾಲುತ್ತದೆ. ಎದುರಿನ ಹಲ್ಲು ಇಳಿದು ಬರುತ್ತದೆ. ಇರುವ ಕೆಲವೇ ಹಲ್ಲುಗಳ ಮೇಲೆ ಎಲ್ಲ ಭಾರ ಬೀಳುತ್ತದೆ.

ಎಲ್ಲ ಬಾಯಿಗೂ ಒಂದೇ ಸೆಟ್ ಅಲ್ಲ

ಅಮೆರಿಕದ ದಂತವೈದ್ಯ ಎಡ್ವರ್ಡ್ ಕೆನಡಿ 1925ರಲ್ಲಿ, ಹಲ್ಲು ಎಲ್ಲಿ ಹೋಗಿದೆ ಎಂಬುದರ ಮೇಲೆ ಬಾಯಿಗಳನ್ನು ನಾಲ್ಕು ವರ್ಗವಾಗಿ ವಿಂಗಡಿಸಿದರು. ಇಂದಿಗೂ ವೈದ್ಯರು ಅದನ್ನೇ ಬಳಸುತ್ತಾರೆ. ಎರಡೂ ಬದಿಯ ಹಿಂದಿನ ಹಲ್ಲುಗಳಿಲ್ಲದ್ದು ಮೊದಲ ವರ್ಗ. ನಮ್ಮ ಅಜ್ಜಿಯ ಕೆಳದವಡೆ ಇದೇ ವರ್ಗಕ್ಕೆ ಸೇರುತ್ತದೆ. ಇಲ್ಲಿ ಸೆಟ್‌ನ ಮುಂದಿನ ತುದಿಗೆ ಹಲ್ಲಿನ ಆಸರೆ ಇದೆ, ಹಿಂದಿನ ತುದಿಗೆ ಮೆತ್ತನೆಯ ವಸಡು ಮಾತ್ರ. ಅಗಿದಾಗ ಹಿಂಬದಿ ಕುಸಿದು, ಕೊಕ್ಕೆ ಹಾಕಿದ ಹಲ್ಲನ್ನು ಎಳೆಯುತ್ತದೆ. ಇದನ್ನು ಮೊದಲೇ ಯೋಚಿಸಿ ಮಾಡಬೇಕು. ಇಲ್ಲದಿದ್ದರೆ ಹೊಸ ಸೆಟ್ಟೇ ಹಳೆಯ ಹಲ್ಲನ್ನು ಸಡಿಲ ಮಾಡುತ್ತದೆ.

ಸಾಮಾನ್ಯವಾಗಿ ಎರಡು ಬಗೆಯ ಸೆಟ್‌ಗಳಿವೆ.

1. ಅಕ್ರಿಲಿಕ್ ಸೆಟ್: ವಸಡಿನ ಬಣ್ಣದ ಪ್ಲಾಸ್ಟಿಕ್, ತಂತಿಯ ಕೊಕ್ಕೆ. ಖರ್ಚು ಕಡಿಮೆ. ಮುಂದೆ ಇನ್ನೊಂದು ಹಲ್ಲು ಹೋದರೆ ಅದಕ್ಕೇ ಸೇರಿಸಬಹುದು. ಆದರೆ ದಪ್ಪ ಹೆಚ್ಚು, ಅಗಿಯುವ ಭಾರವೆಲ್ಲ ಬಹುತೇಕ ವಸಡಿನ ಮೇಲೆ.

2. ಲೋಹದ ಸೆಟ್: ಕೋಬಾಲ್ಟ್ ಕ್ರೋಮಿಯಂ ಎರಕದ ತೆಳುವಾದ ಚೌಕಟ್ಟು. ಇದರಲ್ಲಿ ಕೊಕ್ಕೆಯ ಜೊತೆಗೆ ಹಲ್ಲಿನ ಮೇಲೆ ಕೂರುವ ಪುಟ್ಟ ಆಸರೆಗಳಿರುತ್ತವೆ. ಅವು ಅಗಿಯುವ ಭಾರವನ್ನು ಹಲ್ಲಿಗೆ ದಾಟಿಸಿ ವಸಡನ್ನು ಕಾಪಾಡುತ್ತವೆ. ಖರ್ಚು ಮತ್ತು ಸಮಯ ಎರಡೂ ಹೆಚ್ಚು.

ಅಳತೆಗೆ ಮೊದಲು ಆಗಬೇಕಾದ ಕೆಲಸ

"ಇವತ್ತೇ ಅಳತೆ ತೆಗೆಯಿರಿ" ಎಂದು ಅವಸರ ಮಾಡಬೇಡಿ. ಮೊದಲು ಹಲ್ಲು ಶುಚಿ ಮಾಡಿ ವಸಡಿನ ಊತ ಇಳಿಸಬೇಕು. ಹುಳುಕಿಗೆ ಫಿಲ್ಲಿಂಗ್, ಬೇಕಾದಲ್ಲಿ ರೂಟ್ ಕೆನಾಲ್ ಆಗಬೇಕು. ಹಲ್ಲು ಕಿತ್ತಿದ್ದರೆ ಗಾಯ ಮಾಗಲು ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಯಬೇಕು. ಅಲ್ಲಿಯವರೆಗೆ ತಾತ್ಕಾಲಿಕ ಸೆಟ್ ಬೇಕೇ ಎಂದು ವೈದ್ಯರನ್ನು ಕೇಳಬಹುದು.

ನಂತರ ಅಚ್ಚು ತೆಗೆಯುತ್ತಾರೆ. ಇದಕ್ಕೆ ಬಳಸುವ ಆಲ್ಜಿನೇಟ್ ಪುಡಿ ಸಮುದ್ರದ ಕಂದು ಪಾಚಿಯಿಂದ ತೆಗೆದ ವಸ್ತು, ಹೆದರುವ ಕಾರಣವಿಲ್ಲ. ವಾಕರಿಕೆ ಬಂದರೆ ತಲೆ ಸ್ವಲ್ಪ ಮುಂದೆ ಬಾಗಿಸಿ ಮೂಗಿನಿಂದ ಉಸಿರಾಡಿ. ಚೌಕಟ್ಟು ಕೂರಿಸಿ ನೋಡುವುದು, ಮೇಲು ಕೆಳಗಿನ ಕಡಿತ ಹೊಂದಿಸುವುದು, ಮೇಣದ ಮೇಲೆ ಹಲ್ಲು ಜೋಡಿಸಿ ತೋರಿಸುವುದು, ಕೊನೆಗೆ ಸೆಟ್ ಕೊಡುವುದು. ಹೀಗೆ ಐದಾರು ಸಲ ಬರಬೇಕಾಗಬಹುದು. ಮೇಣದ ಹಂತದಲ್ಲಿ ಹಲ್ಲಿನ ಬಣ್ಣ, ಆಕಾರ ಇಷ್ಟವಾಗದಿದ್ದರೆ ಆಗಲೇ ಹೇಳಿ. ಅನಂತರ ಬದಲಾಯಿಸುವುದು ಕಷ್ಟ.

ಕೂಲಿ ಬಿಟ್ಟು, ಬಸ್ಸು ಬದಲಿಸಿ ಬರುವವರಿಗೆ ಇದು ಸಣ್ಣ ವಿಷಯವಲ್ಲ. ಮೊದಲ ದಿನವೇ ಎಷ್ಟು ಸಲ ಬರಬೇಕು, ಯಾವ ಕೆಲಸಗಳನ್ನು ಒಂದೇ ದಿನ ಮುಗಿಸಬಹುದು, ಒಟ್ಟು ಖರ್ಚೆಷ್ಟು ಎಂದು ಕೇಳಿ ಬರೆಸಿಕೊಳ್ಳಿ. ದಂತ ಕಾಲೇಜುಗಳಲ್ಲಿಯೂ ಈ ಚಿಕಿತ್ಸೆ ಇದೆ. ಉಡುಪಿ ಜಿಲ್ಲೆಯವರಿಗೆ ಹತ್ತಿರದ್ದು 1965ರಲ್ಲಿ ಆರಂಭವಾದ ಮಣಿಪಾಲದ ದಂತ ಕಾಲೇಜು. ಬಿಪಿಎಲ್ ಕುಟುಂಬದವರು ಸರ್ಕಾರದ ದಂತಭಾಗ್ಯ ಯೋಜನೆ ತಮಗೆ ಅನ್ವಯಿಸುತ್ತದೆಯೇ ಎಂದು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಬೇರೆ ಕಾಯಿಲೆ ಇರುವವರು ಮೊದಲೇ ತಿಳಿಸಬೇಕಾದದ್ದು

* ಸಕ್ಕರೆ ಕಾಯಿಲೆ: ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಬೇಗ ಮಾಗದು, ಸೆಟ್ ಅಡಿಯಲ್ಲಿ ಬೂಸ್ಟಿನ ಸೋಂಕು ಬರುತ್ತದೆ. ಬರುವ ದಿನ ಉಪವಾಸ ಬೇಡ. ತಿಂಡಿ, ಮಾತ್ರೆ ಎರಡೂ ಆಗಿರಲಿ.
* ರಕ್ತ ಹೆಪ್ಪುಗಟ್ಟದಂತೆ ಮಾತ್ರೆ: ಹಲ್ಲು ಕೀಳಿಸಬೇಕೆಂದು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇರುವವರಿಗೆ ಅದು ಪ್ರಾಣಾಪಾಯ.
* ಹೃದಯದ ಕವಾಟ ಬದಲಿಸಿಕೊಂಡವರು: ಹಲ್ಲು ಕೀಳುವ ಮೊದಲು ಆ್ಯಂಟಿಬಯಾಟಿಕ್ ಬೇಕಾಗುತ್ತದೆ.
* ಮೂಳೆ ಸವೆತಕ್ಕೆ ಅಥವಾ ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಇಂಜೆಕ್ಷನ್, ಮಾತ್ರೆ ತೆಗೆದುಕೊಂಡವರು. ತಲೆ, ಕುತ್ತಿಗೆಗೆ ರೇಡಿಯೇಶನ್ ಆದವರು: ಹಲ್ಲು ಕಿತ್ತರೆ ದವಡೆ ಮೂಳೆ ಸಾಯುವ ಅಪಾಯವಿದೆ. ಎಷ್ಟೇ ವರ್ಷವಾಗಿದ್ದರೂ ಹೇಳಿ.
* ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅಂಗಳ ತೆಗೆದವರು: ಆ ರಂಧ್ರ ಮುಚ್ಚುವ ಭಾಗವನ್ನು ಸೆಟ್‌ಗೇ ಸೇರಿಸಿ ಮಾಡುತ್ತಾರೆ. ಊಟ ಮೂಗಿಗೆ ಏರುವುದು ನಿಲ್ಲುತ್ತದೆ, ಮಾತು ಸ್ಪಷ್ಟವಾಗುತ್ತದೆ.
* ಪಾರ್ಶ್ವವಾಯು ಆದವರು: ಒಂದೇ ಕೈಯಲ್ಲಿ ಹಾಕಿ ತೆಗೆಯುವಂತೆ ಕೊಕ್ಕೆ ಇರಬೇಕು.
* ಮೂರ್ಛೆರೋಗ, ಮರೆವಿನ ಕಾಯಿಲೆ: ಒಂದೆರಡು ಹಲ್ಲಿನ ಪುಟ್ಟ ಸೆಟ್ ಗಂಟಲಿಗೆ ಜಾರಬಹುದು. ಬರಿಯ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಜಾತ್ರೆಯ ಸೆಟ್ ಬೇಡ

ಕಡಿಮೆ ಹಣಕ್ಕೆ ಅರ್ಧ ಗಂಟೆಯಲ್ಲಿ "ಪರ್ಮನೆಂಟ್" ಹಲ್ಲು ಕಟ್ಟಿಕೊಡುವವರಿದ್ದಾರೆ. ಅವರು ಪಕ್ಕದ ಹಲ್ಲಿಗೆ ತಂತಿ ಸುತ್ತಿ, ಪ್ಲಾಸ್ಟಿಕ್ಕನ್ನು ಬಾಯಲ್ಲೇ ಗಟ್ಟಿಯಾಗಿಸುತ್ತಾರೆ. ಅದನ್ನು ತೆಗೆದು ತೊಳೆಯಲು ಆಗದು. ಅಡಿಯಲ್ಲಿ ಅನ್ನದ ಅಗುಳು ಕೊಳೆತು, ವಸಡು ಕೀವಾಗಿ, ಗಟ್ಟಿಯಿದ್ದ ಹಲ್ಲೂ ಹೋಗುತ್ತದೆ. ಈಗಾಗಲೇ ಹಾಕಿಸಿಕೊಂಡಿದ್ದರೆ ನಾಚಿಕೆ ಬೇಡ, ಬಂದು ತೋರಿಸಿ.

ಸೆಟ್ ಸಿಕ್ಕ ಮೇಲೆ

ಕೈಯಿಂದಲೇ ಕೂರಿಸಿ, ಕಚ್ಚಿ ಕೂರಿಸಿದರೆ ಕೊಕ್ಕೆ ಬಾಗುತ್ತದೆ. ಮೊದಲ ದಿನಗಳಲ್ಲಿ ಮೆತ್ತನೆಯ ಆಹಾರವನ್ನು ಸಣ್ಣ ತುತ್ತಾಗಿ ಎರಡೂ ಬದಿಯಲ್ಲಿ ಅಗಿಯಿರಿ. ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಮಾತು ಬೇಗ ತಿದ್ದುತ್ತದೆ. ವಸಡು ನೋಯುತ್ತಿದ್ದರೆ ಮನೆಯಲ್ಲಿ ಅರ ಹಾಕಿ ಉಜ್ಜಬೇಡಿ. ಬರುವ ದಿನ ಸೆಟ್ ಹಾಕಿಕೊಂಡೇ ಬನ್ನಿ. ಒತ್ತಿದ ಗುರುತು ಕಂಡರೆ ಸರಿಪಡಿಸುವುದು ಸುಲಭ.

ಊಟವಾದ ಮೇಲೆ ತೆಗೆದು ತೊಳೆಯಿರಿ. ಮೆತ್ತನೆಯ ಬ್ರಷ್, ಸಾಬೂನು ಸಾಕು. ಕೆಳಗೆ ನೀರಿನ ಪಾತ್ರೆ ಇಟ್ಟುಕೊಂಡರೆ ಕೈಜಾರಿದರೂ ಒಡೆಯದು. ಬಿಸಿನೀರು ಹಾಕಬೇಡಿ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಕೊಕ್ಕೆ ಹಾಕುವ ಹಲ್ಲುಗಳನ್ನು ದಿನಕ್ಕೆರಡು ಸಲ ತಪ್ಪದೆ ಉಜ್ಜಿ. ಎಲೆಯಡಿಕೆ, ಹೊಗೆಸೊಪ್ಪು ಬಿಡಿ. ಆರು ತಿಂಗಳಿಗೊಮ್ಮೆ ತೋರಿಸಿ.

ಜೊತೆಗಿರುವ ಬಂಧುಗಳಿಗೆ ಒಂದು ಮಾತು: ರೋಗಿಯನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಮೊದಲು ಬಾಯಲ್ಲಿ ಸೆಟ್ ಇದೆ ಎಂದು ನರ್ಸ್‌ಗೆ ತಿಳಿಸಿ, ತೆಗೆದು ಹೆಸರು ಬರೆದ ಡಬ್ಬಿಯಲ್ಲಿ ನೀರು ಹಾಕಿ ಇಡಿ. ಕರವಸ್ತ್ರದಲ್ಲಿ ಸುತ್ತಿ ದಿಂಬಿನಡಿ ಇಟ್ಟ ಸೆಟ್ ಕಳೆದುಹೋಗುವುದೇ ಹೆಚ್ಚು.

ನಮ್ಮ ಅಜ್ಜಿಗೆ ಕೊನೆಗೆ ಬೇಕಾದದ್ದು ಆರೂ ಹಲ್ಲು ಕೀಳಿಸುವುದಲ್ಲ. ಸಕ್ಕರೆ ಹತೋಟಿ, ಹಲ್ಲಿನ ಶುಚಿ, ಆ ಆರು ಹಲ್ಲನ್ನು ನಂಬಿ ಮಾಡಿದ ಸೆಟ್. ಕಟ್ಟಿಸಿದ ಹಲ್ಲನ್ನು ಮತ್ತೆ ಮಾಡಿಸಬಹುದು, ಹುಟ್ಟಿದ ಹಲ್ಲನ್ನು ಮಾಡಿಸಲಾಗದು.