ಸಿಮ್ ಕಾರ್ಡ್ ತೆಗೆದರೆ ಅದರ ಜೊತೆ ಏನೇನು ಹೋಗುತ್ತದೆ?



ಬೇಸಿಗೆ ರಜೆಯಲ್ಲಿ ನಿಮ್ಮಲ್ಲಿ ಹಲವರು ಅಮೆರಿಕದಿಂದ ಬೆಂಗಳೂರಿಗೋ, ಮೈಸೂರಿಗೋ, ಹುಬ್ಬಳ್ಳಿಗೋ ಹೋಗ್ತೀರಿ. ಅಜ್ಜನ ಮನೆಯಲ್ಲಿ ವೈಫೈ ಇಲ್ಲ ಅಂದುಕೊಳ್ಳಿ. ನಿಮ್ಮ ಟ್ಯಾಬ್ಲೆಟ್‌ನಲ್ಲಿ ಸಿಮ್ ಹಾಕುವ ಜಾಗ ಇದೆ. "ಅಜ್ಜನ ಫೋನಿನ ಸಿಮ್ ತೆಗೆದು ಇದಕ್ಕೆ ಹಾಕಿದರೆ ಆಯ್ತಲ್ಲ!" ಅಂತ ಅನ್ನಿಸುತ್ತದೆ, ಅಲ್ವಾ? ಹೆಚ್ಚಿನ ಸಲ ಹಾಗೆ ಹಾಕಬಹುದು. ಆದರೆ ಹಾಕುವ ಮೊದಲು ಕಾರ್ಡಿನ ಜೊತೆ ಏನು ಹೋಗುತ್ತದೆ, ಫೋನಿನಲ್ಲೇ ಏನು ಉಳಿಯುತ್ತದೆ ಅಂತ ತಿಳಿದುಕೊಳ್ಳಬೇಕು.

ಸಿಮ್ ಒಳಗೆ ಏನಿದೆ?

ಸಿಮ್ ಅಂದರೆ 'ಸಬ್‌ಸ್ಕ್ರೈಬರ್ ಐಡೆಂಟಿಟಿ ಮಾಡ್ಯೂಲ್'. ಕನ್ನಡದಲ್ಲಿ ಚಂದಾದಾರರ ಗುರುತಿನ ಚೀಟಿ ಅನ್ನೋಣ. ನೋಡಲು ಪ್ಲಾಸ್ಟಿಕ್ ಚೂರು, ಆದರೆ ನಿಜವಾಗಿ ಅದೊಂದು ಪುಟಾಣಿ ಕಂಪ್ಯೂಟರ್. ಅದರಲ್ಲಿ ಎರಡು ಮುಖ್ಯ ಸಂಗತಿಗಳಿವೆ.

ಮೊದಲನೆಯದು ಗುರುತಿನ ಸಂಖ್ಯೆ. ಸಾಮಾನ್ಯವಾಗಿ ಇದರಲ್ಲಿ 15 ಅಂಕಿಗಳಿರುತ್ತವೆ. ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ: ಭಾರತಕ್ಕೆ 404 ಮತ್ತು 405, ಅಮೆರಿಕಕ್ಕೆ 310ರಿಂದ 316. ಅಜ್ಜನ ಮೊಬೈಲ್ ನಂಬರ್ ಯಾವ ಗುರುತಿನ ಸಂಖ್ಯೆಗೆ ಸೇರಿದ್ದು ಎಂಬ ಲೆಕ್ಕವನ್ನು ಮೊಬೈಲ್ ಕಂಪನಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಕಾರ್ಡ್ ಎಲ್ಲಿಗೆ ಹೋದರೆ ನಂಬರ್ ಅಲ್ಲಿಗೆ ಹೋಗುತ್ತದೆ.

ಎರಡನೆಯದು ಗುಟ್ಟಿನ ಕೀಲಿ. ಇದು ಕಾರ್ಡಿಗೂ ಕಂಪನಿಗೂ ಮಾತ್ರ ಗೊತ್ತು. ಒಂದು ಆಟ ಆಡೋಣ. ನಿಮಗೂ ಟೀಚರ್‌ಗೂ ಮಾತ್ರ 7 ಎಂಬ ಗುಟ್ಟು ಗೊತ್ತು. ಟೀಚರ್ "5" ಅಂತಾರೆ, ನೀವು ಗುಣಿಸಿ "35" ಅಂತೀರಿ. ಗುಟ್ಟನ್ನು ಬಾಯಿ ಬಿಟ್ಟು ಹೇಳದೆಯೇ ನೀವು ಯಾರೆಂದು ತೋರಿಸಿದಿರಿ! ಫೋನ್ ಆನ್ ಮಾಡಿದಾಗಲೂ ಹೀಗೆಯೇ. ಕಂಪನಿ ಒಂದು ಸಂಖ್ಯೆ ಕಳಿಸುತ್ತದೆ, ಸಿಮ್ ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಉತ್ತರ ಸರಿಯಿದ್ದರೆ ಒಳಗೆ ಬಿಡುತ್ತದೆ. ನಮ್ಮ ಆಟದಲ್ಲಿ ಪಕ್ಕದವರು 35ನ್ನು 5ರಿಂದ ಭಾಗಿಸಿ ಗುಟ್ಟು ಕಂಡುಹಿಡಿದುಬಿಡಬಹುದು. ಸಿಮ್ ಮಾಡುವ ಲೆಕ್ಕವನ್ನು ಹಾಗೆ ಸುಲಭವಾಗಿ ಬಿಡಿಸಲು ಆಗುವುದಿಲ್ಲ.

ಏನು ಹೋಗುತ್ತದೆ, ಏನು ಉಳಿಯುತ್ತದೆ?

ಕಾರ್ಡಿನ ಜೊತೆ ಹೋಗುವುದು: ಮೊಬೈಲ್ ನಂಬರ್, ರೀಚಾರ್ಜ್ ಮಾಡಿಸಿದ ಡೇಟಾ, ಕಾರ್ಡಿನಲ್ಲೇ ಉಳಿಸಿದ್ದರೆ ಕೆಲವು ಹೆಸರು–ನಂಬರ್‌ಗಳು.

ಫೋನಿನಲ್ಲೇ ಉಳಿಯುವುದು: ಫೋಟೋ, ಆ್ಯಪ್, ವಾಟ್ಸಾಪ್ ಮಾತುಕತೆ. ಫೋನಿನ ಸ್ವಂತ ಗುರುತಾದ ಐಎಂಇಐ ಸಂಖ್ಯೆಯೂ ಅಲ್ಲೇ ಇರುತ್ತದೆ. *#06# ಒತ್ತಿದರೆ ಅದನ್ನು ನೋಡಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಐಪ್ಯಾಡ್ ತನ್ನೊಳಗಿನ ಸಿಮ್ಮನ್ನು ಇಂಟರ್‌ನೆಟ್‌ಗೆ ಮಾತ್ರ ಬಳಸುತ್ತದೆ. ಆ ನಂಬರಿಗೆ ಯಾರಾದರೂ ಕರೆ ಮಾಡಿದರೆ ಅದು ರಿಂಗ್ ಆಗುವುದಿಲ್ಲ, ಎಸ್‌ಎಂಎಸ್ ಬಂದರೆ ಕಾಣುವುದಿಲ್ಲ. ಕೆಲವು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಕರೆ, ಎಸ್‌ಎಂಎಸ್ ಎರಡೂ ಬರುತ್ತವೆ, ಕೆಲವದರಲ್ಲಿ ಇಲ್ಲ. ನೀವು ಕಾರ್ಟೂನ್ ನೋಡುತ್ತಿರುವಾಗ ಅಜ್ಜನಿಗೆ ಬ್ಯಾಂಕಿನಿಂದ ಒಟಿಪಿ ಬರಬಹುದು. ಗ್ಯಾಸ್ ಸಿಲಿಂಡರ್ ತಂದವರು ಮೊಬೈಲಿಗೆ ಬಂದ ಸಂಖ್ಯೆ ಕೇಳಬಹುದು. ಅಜ್ಜಿಗೆ ಹುಷಾರಿಲ್ಲದಿದ್ದರೆ ಡಾಕ್ಟರ್ ಫೋನ್ ಮಾಡಬಹುದು. ಅದೆಲ್ಲ ಅಜ್ಜನ ಕೈಗೆ ಸಿಗುವುದೇ ಇಲ್ಲ!

ಬದಲಿಸುವ ಕ್ರಮ

1. ಮೊದಲು ಸಿಮ್ ಯಾರದೋ ಅವರನ್ನು ಕೇಳಿ. ದೊಡ್ಡವರ ಎದುರಿಗೇ ತೆಗೆಯಿರಿ.

2. ಅಳತೆ ನೋಡಿ. 1991ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ತಯಾರಾದ ಮೊದಲ ಸಿಮ್‌ಗಳು ಬ್ಯಾಂಕ್ ಕಾರ್ಡಿನಷ್ಟು ದೊಡ್ಡವು. ಈಗಿನ ನ್ಯಾನೋ ಸಿಮ್ 12.3 × 8.8 ಮಿಲಿಮೀಟರ್. ಚಿಕ್ಕ ಕಾರ್ಡನ್ನು ದೊಡ್ಡ ಜಾಗಕ್ಕೆ ಹಾಗೇ ತುರುಕಿದರೆ ಒಳಗೆ ಸಿಕ್ಕಿಕೊಳ್ಳಬಹುದು.

3. ಎರಡೂ ಸಾಧನಗಳನ್ನು ಆಫ್ ಮಾಡಿ. ಪಿನ್ ಚುಚ್ಚುವ ಮೊದಲು ಸರಿಯಾದ ತೂತು ಹುಡುಕಿ, ಮೈಕ್‌ನ ತೂತಿಗೆ ಚುಚ್ಚಬೇಡಿ. ಕಾರ್ಡಿನ ಕತ್ತರಿಸಿದ ಮೂಲೆ ಟ್ರೇಯ ಮೂಲೆಗೆ ಹೊಂದಬೇಕು.

4. ಸಿಮ್ ಪಿನ್ ಕೇಳಿದರೆ ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಕಾರ್ಡ್ ಲಾಕ್ ಆಗುತ್ತದೆ. ಆಮೇಲೆ 8 ಅಂಕಿಯ ಪಿಯುಕೆ ಬೇಕು. ಅದೂ 10 ಸಲ ತಪ್ಪಿದರೆ ಆ ಕಾರ್ಡ್ ಕೆಲಸಕ್ಕೆ ಬಾರದು, ಹೊಸದನ್ನೇ ತರಬೇಕು.

ಅಪ್ಪ ಅಮ್ಮಂದಿರಿಗೆ ಎರಡು ಮಾತು

ಇಲ್ಲಿ ಕಂತಿನ ಮೇಲೆ ಕೊಂಡ ಫೋನ್, ಟ್ಯಾಬ್ಲೆಟ್‌ಗಳು ಸಾಮಾನ್ಯವಾಗಿ ಆ ಕಂಪನಿಗೇ ಲಾಕ್ ಆಗಿರುತ್ತವೆ. ಊರಿಗೆ ಹೊರಡುವ ಮೊದಲೇ ವಿಚಾರಿಸಿ. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ನಂತರದವುಗಳಿಗೆ ಸಿಮ್ ಟ್ರೇಯೇ ಇಲ್ಲ, ಇ-ಸಿಮ್ ಮಾತ್ರ.

ಇನ್ನೊಂದು, ಫೋನಿಗೆ ಹಾಕಿದ ಸ್ಕ್ರೀನ್ ಲಾಕ್ ಸಿಮ್ಮನ್ನು ಕಾಯುವುದಿಲ್ಲ. ಫೋನ್ ಕದ್ದವರು ಕಾರ್ಡನ್ನು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ. ನಿಮ್ಮ ಭಾರತದ ನಂಬರಿಗೂ, ಊರಿನಲ್ಲಿರುವ ಹಿರಿಯರ ನಂಬರಿಗೂ ಸಿಮ್ ಪಿನ್ ಹಾಕಿಡಿ. ಪಿನ್ ಮತ್ತು ಪಿಯುಕೆ ಎರಡನ್ನೂ ಮನೆಯಲ್ಲಿ ಭದ್ರವಾಗಿ ಬರೆದಿಡಿ.

ಹಾಗಾದರೆ ಕಾರ್ಟೂನ್ ಕಥೆ? ಸಿಮ್ ಅಜ್ಜನ ಫೋನಿನಲ್ಲೇ ಇರಲಿ. ಅವರ ಒಪ್ಪಿಗೆ ಪಡೆದು ಹಾಟ್‌ಸ್ಪಾಟ್ ಆನ್ ಮಾಡಿ, ಟ್ಯಾಬ್ಲೆಟ್ ಜೋಡಿಸಿ. ಅವರ ಕರೆ ಅವರಿಗೆ, ನಿಮ್ಮ ಕಾರ್ಟೂನ್ ನಿಮಗೆ. ದಿನದ ಡೇಟಾ ಪೂರ್ತಿ ಖಾಲಿ ಮಾಡಬೇಡಿ, ಅಷ್ಟೇ!

ಅಭ್ಯಾಸ

1. ಸಿಮ್ ಬದಲಿಸಿದರೆ ಫೋಟೋಗಳು ಹೋಗುತ್ತವೆಯೇ? ಏಕೆ?
2. ಗುಟ್ಟಿನ ಕೀಲಿಯ ಆಟವನ್ನು ಗೆಳೆಯರೊಂದಿಗೆ ಆಡಿ. ಎಷ್ಟು ಸುತ್ತಿನಲ್ಲಿ ಗುಟ್ಟು ರಟ್ಟಾಯಿತು?
3. ಈ ವಾರ ಅಜ್ಜ ಅಜ್ಜಿಗೆ ಫೋನ್ ಮಾಡಿ, ಅವರ ನಂಬರಿಗೆ ಯಾವ ಯಾವ ಸಂದೇಶಗಳು ಬರುತ್ತವೆ ಅಂತ ಕೇಳಿ, ಕನ್ನಡದಲ್ಲಿ ಐದು ಸಾಲು ಬರೆಯಿರಿ.