ಕೆಲಸ ಬಿಡಬೇಕೋ ಬೇಡವೋ? ಕಿಸ್ಲೇವಿನಿಂದ ನೀಸಾನ್‌ವರೆಗಿನ ನಾಲ್ಕು ತಿಂಗಳು

ಸತ್ಯವೇದ ತೆರೆಯಿರಿ, ನೆಹೆಮೀಯ 1 ಮತ್ತು 2ನೇ ಅಧ್ಯಾಯ. ಮೊಬೈಲಲ್ಲಿ ಓದೋರು ಓದಿ, ಪರವಾಗಿಲ್ಲ. ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ನಮ್ಮ ಯೌವನಸ್ಥರಲ್ಲಿ ಹೋಟೆಲ್, ರೆಸ್ಟೋರೆಂಟ್, ಕೆಫೆ ಕೆಲಸದವರು ಬಹಳ ಜನ ಇದ್ದೀರಿ. ಇಂದಿರಾನಗರ, ಕೋರಮಂಗಲದ ಕಡೆ ಯಾರೋ ಸರ್ವೀಸಲ್ಲಿ, ಯಾರೋ ಕಿಚನ್‌ನಲ್ಲಿ ಕಮ್ಮಿ. (ಅದು ಹುದ್ದೆಯ ಹೆಸರು ಅಷ್ಟೇ, ನೀವು ಯಾರಿಗೂ ಕಮ್ಮಿ ಅಲ್ಲ.) ಊರಿಗೆಲ್ಲ ರಜೆ ಇರೋ ಭಾನುವಾರವೇ ನಿಮಗೆ ರಶ್. ಎಷ್ಟೋ ಜನ ಆರಾಧನೆಗೆ ಬರೋಕ್ಕಾಗದೆ ಇದನ್ನು ಆಮೇಲೆ ಬಸ್ಸಲ್ಲಿ ಕೂತು ಓದ್ತೀರಿ. ಈ ಪಾಠ ಮೊದಲು ನಿಮಗೇ.

ಒಬ್ಬ ತಮ್ಮ ನನ್ನ ಹತ್ರ ಬಂದು ಕೇಳಿದ, "ಪಾಸ್ಟರ್, ಮ್ಯೂಸಿಕ್ ನನ್ನ ಪ್ಯಾಶನ್. ಕೆಲಸ ಬಿಟ್ಟುಬಿಡ್ಲಾ?" ಕೀಬೋರ್ಡ್ ಚೆನ್ನಾಗಿ ನುಡಿಸ್ತಾನೆ. ಈಜಿಪುರದಲ್ಲಿ ನಾಲ್ಕು ಜನ ಸೇರಿ ಒಂದು ರೂಮು. ತಿಂಗಳು ತಿಂಗಳು ಸಕಲೇಶಪುರದಲ್ಲಿರೋ ಅಮ್ಮನಿಗೆ ದುಡ್ಡು ಕಳಿಸಬೇಕು. ಈಗ ಅವನನ್ನು ಕ್ಯಾಪ್ಟನ್ ಮಾಡ್ತೀವಿ ಅಂತ ಹೇಳಿದ್ದಾರೆ. ಸಂಬಳ ಹೆಚ್ಚು, ಆದರೆ ಸಂಜೆಗಳು ಪೂರ್ತಿ ಹೋಗ್ತವೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಅವನಿಗೆ ಒಂದೇ ಮಾತಲ್ಲಿ ಹೂಂ ಅನ್ನೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ. ಅದಕ್ಕೇ ಅವನನ್ನು ನೆಹೆಮೀಯನ ಹತ್ರ ಕರ್ಕೊಂಡು ಹೋದೆ.

ನೆಹೆಮೀಯ ಅಂದ ಕೂಡಲೇ ನಮಗೆ ಗೋಡೆ ನೆನಪಾಗುತ್ತೆ. ಆದರೆ ಅವನ ಕೆಲಸ ಏನಿತ್ತು? 1ನೇ ಅಧ್ಯಾಯದ ಕೊನೆಯ ಮಾತು ನೋಡಿ, ಅವನು ಅರಸನ ಪಾನದಾಯಕ. ನಿಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸರ್ವೀಸ್‌ನಲ್ಲಿದ್ದ. ಸ್ವಂತ ಊರು ಬಿಟ್ಟು ಶೂಷನ್ ಪಟ್ಟಣದಲ್ಲಿ ಬೇರೆಯವರ ಮೇಜಿನ ಹತ್ತಿರ ನಿಲ್ಲುವ ಕೆಲಸ. ಅರ್ತಷಸ್ತ ರಾಜನ 20ನೇ ವರ್ಷ, ಅಂದರೆ ಸುಮಾರು ಕ್ರಿ.ಪೂ. 445. ಕಿಸ್ಲೇವ್ ತಿಂಗಳಲ್ಲಿ ಹನಾನೀ ಬಂದು ಯೆರೂಸಲೇಮಿನ ಗೋಡೆ ಬಿದ್ದಿರೋ ಸುದ್ದಿ ಹೇಳ್ತಾನೆ. ನೆಹೆಮೀಯ ಅಳ್ತಾನೆ, ಉಪವಾಸ ಮಾಡ್ತಾನೆ. ಅವನೊಳಗೆ ಒಂದು ಭಾರ ಹುಟ್ಟುತ್ತೆ.

ಅವನು ರಾಜನ ಹತ್ರ ಬಾಯಿ ಬಿಟ್ಟದ್ದು ಯಾವಾಗ? 2ನೇ ಅಧ್ಯಾಯ ಶುರುವಾಗೋದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅಷ್ಟು ದಿನ ಅವನು ಕೆಲಸಕ್ಕೆ ಹೋಗ್ತಾನೇ ಇದ್ದ. ಅದಕ್ಕೆ ಮುಂಚೆ ರಾಜನ ಮುಂದೆ ಮುಖ ಸಪ್ಪೆ ಮಾಡ್ಕೊಂಡಿರಲಿಲ್ಲ ಅಂತ ಅವನೇ ಬರೆದಿದ್ದಾನೆ. ಪ್ರಿಯರೇ, ಎದೆಯಲ್ಲಿ ಅಷ್ಟು ಭಾರ ಇಟ್ಕೊಂಡು ನಗುಮುಖದಿಂದ ಮೇಜಿಗೆ ಬಡಿಸೋದು ಎಂಥಾ ಕಷ್ಟ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ರಾಜನೇ ಕೇಳ್ತಾನೆ, ನಿನಗೇನು ಬೇಕು ಅಂತ. ನೆಹೆಮೀಯ ಅಲ್ಲೇ ಒಂದು ಚಿಕ್ಕ ಪ್ರಾರ್ಥನೆ ಮಾಡಿ ಉತ್ತರ ಕೊಡ್ತಾನೆ. ಆ ಉತ್ತರದಲ್ಲಿ ಏನೇನಿದೆ ಗಮನಿಸಿ. ಎಷ್ಟು ಸಮಯ ಬೇಕು ಅನ್ನೋದಿದೆ. ನದಿಯಾಚೆಯ ಅಧಿಪತಿಗಳಿಗೆ ಪತ್ರ ಬೇಕು ಅನ್ನೋದಿದೆ. ಅರಸನ ವನಪಾಲಕ ಆಸಾಫನ ಹತ್ರ ಯಾವ್ಯಾವುದಕ್ಕೆ ಮರ ಬೇಕು ಅನ್ನೋದೂ ಇದೆ. ಇದೆಲ್ಲ ಆ ಕ್ಷಣಕ್ಕೆ ಹೊಳೆದದ್ದಲ್ಲ ಅಂತ ನನ್ನ ಅಭಿಪ್ರಾಯ. ನಾಲ್ಕು ತಿಂಗಳು ಮೊಣಕಾಲೂರಿದವನು ಲೆಕ್ಕಾನೂ ಹಾಕಿದ್ದ.

ಅದಕ್ಕೇ, "ವಿಶ್ವಾಸದಿಂದ ರಿಸೈನ್ ಮಾಡ್ದೆ ಪಾಸ್ಟರ್" ಅಂತ ಯಾರಾದ್ರೂ ಬಂದು ಹೇಳಿದ್ರೆ ನಾನು ತಕ್ಷಣ ಆಮೆನ್ ಅನ್ನಲ್ಲ. ಎಷ್ಟು ತಿಂಗಳಿಗೆ ದುಡ್ಡಿದೆ ಅಂತ ಕೇಳ್ತೀನಿ. ಗೋಪುರ ಕಟ್ಟೋನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಹೇಳಿದ್ದು ಯೇಸು ಸ್ವಾಮಿಯೇ, ಲೂಕ 14ರಲ್ಲಿ. ನಿಮಗೆ ಪ್ರವಾದನೆ ಬಂದಿರಬಹುದು. ತಾತ್ಸಾರ ಮಾಡಬೇಡಿ. ಆದರೆ ಅದನ್ನು ಪರೀಕ್ಷಿಸಬೇಕು ಅಂತಾನೂ ಪೌಲ ಥೆಸಲೊನೀಕದವರಿಗೆ ಬರೆದಿದ್ದಾನೆ.

ಆ ತಮ್ಮನಿಗೆ ನಾನು ಕೇಳಿದ ಇನ್ನೊಂದು ಪ್ರಶ್ನೆ ಅವನಿಗೆ ಸ್ವಲ್ಪ ಚುಚ್ಚಿತು. ಬ್ರೇಕ್ ಶಿಫ್ಟ್ ಮಾಡೋರಿಗೆ ಮಧ್ಯಾಹ್ನ ಮೂರೂವರೆಯಿಂದ ಆರರ ತನಕ ಸಮಯ ಸಿಗುತ್ತೆ. ಕಳೆದ ನಾಲ್ಕು ತಿಂಗಳಲ್ಲಿ ಎಷ್ಟು ದಿನ ಆ ಹೊತ್ತಲ್ಲಿ ಕೀಬೋರ್ಡ್ ಮುಟ್ಟಿದ್ದೀಯ? ನಿದ್ದೆ ಮಾಡಬೇಡಿ ಅಂತ ಹೇಳ್ತಿಲ್ಲ. ಬೆಳಿಗ್ಗೆಯಿಂದ ನಿಂತ ಕಾಲು, ಮಲಗಲೇಬೇಕು. ಆದರೆ ವಾರಕ್ಕೆ ಎರಡು ದಿನವೂ ಕೈ ಅತ್ತ ಹೋಗಲಿಲ್ಲ ಅಂದ್ರೆ, ನಿಮ್ಮನ್ನು ಕರೀತಿರೋದು ಸಂಗೀತವೋ, ಅಥವಾ ನೀವು ಓಡಿಹೋಗ್ತಿರೋದು ಮ್ಯಾನೇಜರ್ ಬೈಗುಳದಿಂದಲೋ? ಅದೂ ನಿಜವಾದ ನೋವೇ. ಅದಕ್ಕೆ ಔಷಧಿ ಬೇರೆ ರೆಸ್ಟೋರೆಂಟ್ ಇರಬಹುದು, ಬೇರೆ ವೃತ್ತಿಯೇ ಆಗಬೇಕಂತಿಲ್ಲ.

ಲೆಕ್ಕದ ವಿಷಯ ಬಂತು, ಅದನ್ನೂ ಹೇಳ್ತೀನಿ, ಚರ್ಚಲ್ಲಿ ಇದ್ಯಾಕೆ ಅನ್ಬೇಡಿ. ಪಿಎಫ್ ಬಿಡಿಸಿ ಸೌಂಡ್ ಸಿಸ್ಟಮ್ ಕೊಳ್ಳಬೇಡಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗೋದು ಸಾಮಾನ್ಯವಾಗಿ 5 ವರ್ಷ ಸತತ ಸೇವೆ ಆದ್ಮೇಲೆ. ನಾಲ್ಕೂವರೆ ವರ್ಷ ಆಗಿರೋರು ಕ್ಯಾಲೆಂಡರ್ ನೋಡಿ. ಅಮ್ಮನ ಔಷಧಿ ನಿಮ್ಮ ಇಎಸ್‌ಐ ಮೇಲೆ ನಡೀತಿದ್ರೆ, ಮುಂದೇನು ಅಂತ ಮೊದಲೇ ಯೋಚಿಸಿ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿ. ನೆಹೆಮೀಯ ಅಪ್ಪಣೆ ತಗೊಂಡು, ಪತ್ರ ಹಿಡ್ಕೊಂಡು ಹೋದ. ಆಮೇಲೆ ಅದೇ ರಾಜನ ಹತ್ರ ವಾಪಸ್ಸೂ ಹೋದ, 13ನೇ ಅಧ್ಯಾಯ ನೋಡಿ. ಬಾಗಿಲು ಬಡಿದು ಹೊರಟಿದ್ರೆ ಅದು ಆಗ್ತಿತ್ತಾ?

ಪೌಲ ಕೂಡ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದ. ಸೀಲ, ತಿಮೊಥೆ ಬಂದ ಮೇಲೆ ವಾಕ್ಯದ ಸೇವೆಗೇ ಪೂರ್ತಿ ನಿಂತ. ಕೆಲವು ಕಾಲಕ್ಕೆ ಎರಡೂ, ಕೆಲವು ಕಾಲಕ್ಕೆ ಒಂದೇ.

ಗೋಡೆ 52 ದಿನದಲ್ಲಿ ಮುಗೀತು, ಅದು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದ ವಚನ 5ನೇ ಅಧ್ಯಾಯದ ಕೊನೆಯಲ್ಲಿದೆ. ನೆಹೆಮೀಯ ಈಗ ಅಧಿಪತಿ. ಅವನ ಮೇಜಿಗೆ 150 ಜನ ಯೆಹೂದ್ಯರೂ ಅಧಿಕಾರಿಗಳೂ ಬರ್ತಿದ್ರು, ಸುತ್ತಲಿನ ಜನಾಂಗಗಳಿಂದ ಬಂದವರು ಬೇರೆ. ದಿನಕ್ಕೆ ಒಂದು ಎತ್ತು, ಒಳ್ಳೆಯ ಆರು ಕುರಿ, ಪಕ್ಷಿಗಳು, ಹತ್ತು ದಿನಕ್ಕೊಮ್ಮೆ ಬಗೆಬಗೆಯ ದ್ರಾಕ್ಷಾರಸ. ಕಿಚನ್‌ನಲ್ಲಿರೋರೇ, ಈ ಇಂಡೆಂಟ್ ಸ್ವಲ್ಪ ಓದಿ! ಜನಕ್ಕೆ ಭಾರ ಆಗಬಾರದು ಅಂತ ಅಧಿಪತಿಗೆ ಸಲ್ಲುವ ಭತ್ಯೆಯನ್ನು 12 ವರ್ಷ ಅವನು ಮುಟ್ಟಲೂ ಇಲ್ಲ. ಅರಮನೆಯಲ್ಲಿ ಬೇರೆಯವರ ಮೇಜಿನ ಹತ್ರ ನಿಂತು ಕಲಿತದ್ದು ಇಲ್ಲಿ ಎಷ್ಟು ಕೆಲಸಕ್ಕೆ ಬಂದಿರಬೇಕು! ನಮ್ಮಲ್ಲಿ ಬೇಕರಿ ಸೆಕ್ಷನ್‌ನಲ್ಲಿರೋ ಒಬ್ಬ ತಂಗಿಗೆ ಸ್ವಂತ ಕೇಕ್ ಅಂಗಡಿಯ ಆಸೆ. ಮೈದಾ ಎಷ್ಟು ವೇಸ್ಟ್ ಆಗುತ್ತೆ, ಯಾವ ವಾರ ಆರ್ಡರ್ ಬೀಳಲ್ಲ ಅಂತ ಅವಳು ಈಗಲೇ ಬರೆದಿಡ್ತಿದ್ದಾಳೆ. ಅವಳ ನೀಸಾನ್ ಇನ್ನೂ ಬಂದಿಲ್ಲ, ಅವಳಿಗೆ ಆತುರವೂ ಇಲ್ಲ.

ಆ ತಮ್ಮ ಇನ್ನೂ ನಿರ್ಧಾರ ಮಾಡಿಲ್ಲ. ಕ್ಯಾಪ್ಟನ್ ಆದ್ರೂ ವಾರಕ್ಕೆ ಎರಡು ಸಂಜೆ ಬಿಡ್ತೀರಾ ಅಂತ ಮೊದಲು ಕೇಳ್ತೀನಿ ಅಂದಿದ್ದಾನೆ. ಅವನಿಗಾಗಿ ಪ್ರಾರ್ಥನೆ ಮಾಡಿ.

ಭಾನುವಾರ ಬರೋಕ್ಕಾಗದವರಿಗೆ ಮಂಗಳವಾರ ಸಂಜೆ ನಾಲ್ಕಕ್ಕೆ, ನಿಮ್ಮ ಬ್ರೇಕ್ ಟೈಮಲ್ಲೇ, ಕೂಟ ಇಟ್ಟಿದ್ದೀವಿ. ಯೂನಿಫಾರ್ಮಲ್ಲೇ ಬನ್ನಿ. ಒಂದು ನೋಟ್‌ಬುಕ್ ತನ್ನಿ. ಮನೆಗೆ ಕಳಿಸೋ ಹಣ, ರೂಮ್ ಬಾಡಿಗೆ, ಕೈಯಲ್ಲಿರೋ ಉಳಿತಾಯ, ಮೂರೂ ಮೊದಲ ಪುಟದಲ್ಲಿ ಬರ್ಕೊಂಡು ಬನ್ನಿ. ಅದನ್ನು ಮುಂದಿಟ್ಟೇ ಪ್ರಾರ್ಥಿಸೋಣ. ಐದೂಮುಕ್ಕಾಲಿಗೆ ಬಿಡ್ತೀವಿ, ಡಿನ್ನರ್ ಶಿಫ್ಟಿಗೆ ಯಾರಿಗೂ ತಡ ಆಗಲ್ಲ.